ಮಡಿಲಲ್ಲಿಟ್ಟುಕೊಂಡ ಮುಖಗಳು

ಕೊಡೆ ಕಾರ್ಖಾನೆಯ ಹೊಲಿಗೆ ಹಜಾರದ ಹೆಂಗಸರನ್ನೆಲ್ಲ ಕಂಪನಿ ಸೋಮವಾರ ಬೆಳಿಗ್ಗೆ ಗೇಟಿನಲ್ಲೇ ತಡೆದು ಮನೆಗೆ ಕಳಿಸಿತು. ಗುರುವಾರ, ಕಂಪನಿಯ ವೆಬ್‌ಸೈಟಿನಲ್ಲಿ ಅವರ ಫೋಟೊಗಳಿದ್ದ ಜಾಗದಲ್ಲಿ ಬೇರೆ ಹೆಂಗಸರ ಫೋಟೊಗಳನ್ನು ಹಾಕಿತು. ಫೋಟೊಗಳ ಕೆಳಗಿದ್ದ ಮಾತುಗಳನ್ನು ಹಾಗೆಯೇ ಬಿಟ್ಟಿತು.

ಕಾರ್ಖಾನೆಯನ್ನು ಹೊಸದಾಗಿ ಕೊಂಡವರ ಲೆಕ್ಕಾಚಾರ ಸರಳವಾಗಿತ್ತು. ಎಲ್ಲೋ ಹೊಲಿಸಿದ ಕೊಡೆಗಳನ್ನು ತರಿಸಿ ಇಲ್ಲಿ ಚೀಟಿ ಅಂಟಿಸಿದರೆ ಆಯಿತು. ಆದರೆ ಆ ಚೀಟಿಯ ಮೇಲೆ ‘ನಮ್ಮ ಕೈಗಳ ಹೊಲಿಗೆ’ ಎಂದು ಇರಲೇಬೇಕು, ಇಲ್ಲದಿದ್ದರೆ ಕೊಡೆ ಮಾರಾಟವಾಗುವುದಿಲ್ಲ. ಕೈ ಬೇಡ, ಕೈಯ ಹೆಸರು ಬೇಕು. ಹಾಗಾಗಿ ಜಾಹೀರಾತಿಗೆ ನಗುವ ಹೆಂಗಸರನ್ನು ಯಾವುದೋ ಫೋಟೊ ಅಂಗಡಿಯಿಂದ ತಂದು ಕೂರಿಸಿದರು. ‘ಈ ಹಜಾರದಲ್ಲೇ ನನ್ನ ತಲೆ ನರೆಯಿತು’ ಎಂಬ ಮಾತಿನ ಮೇಲೆ ಈಗ ಕಾಡಿಗೆಯಷ್ಟು ಕಪ್ಪು ಕೂದಲಿನ ಹುಡುಗಿಯೊಬ್ಬಳು ಹಲ್ಲು ಕಿಸಿಯುತ್ತಿದ್ದಳು.

ವೆಬ್‌ಸೈಟನ್ನು ನೋಡಿಕೊಳ್ಳುವ ಕೆಲಸ ಕಚೇರಿಯ ಹುಡುಗಿ ಕಡ್ಡಿಯದು. ಆದರೆ ಈ ಮುಖ ಬದಲಾವಣೆ ಕಡ್ಡಿಗೇ ಗೊತ್ತಾಗಿರಲಿಲ್ಲ. ಅವಳ ಯಂತ್ರದಲ್ಲಿ ಆ ಪುಟ ತೆರೆದರೆ ಎಲ್ಲರೂ ಇದ್ದಲ್ಲೇ ಇದ್ದರು. ಮೊದಲ ಸಾಲಿನ ಎಡಗಡೆ ಕಡ್ಡಿಯ ಅಮ್ಮ, ಅಮ್ಮನ ಪಕ್ಕ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡ, ಆ ತಲೆ ನರೆತ ಮಾತಿನ ಸೂಜಿಬಾಯಿ, ಕೊನೆಯಲ್ಲಿ ಕತ್ತು ಬಗ್ಗಿಸಿ ನಿಂತ ಉದ್ದಕ್ಕ. ಹಜಾರ ಖಾಲಿಯಾಗಿ, ಹೊಲಿಗೆ ಯಂತ್ರಗಳಿಗೆ ಮುಸುಕು ಬಿದ್ದ ಮೇಲೆ ಕಡ್ಡಿ ದಿನವೂ ಆ ಪುಟವನ್ನೊಮ್ಮೆ ತೆರೆದು ನೋಡಿ ಮುಚ್ಚುತ್ತಿದ್ದಳು. ಅಷ್ಟರಮಟ್ಟಿಗೆ ಸಮಾಧಾನ.

ಅವಳಿಗೆ ಕಡ್ಡಿ ಎಂದು ಹೆಸರಿಟ್ಟವರೂ ಆ ಹೆಂಗಸರೇ. ಕೂಸನ್ನು ನೋಡಿಕೊಳ್ಳುವವರಿಲ್ಲದೆ ಅಮ್ಮ ಅವಳನ್ನು ಬಟ್ಟೆಯ ಚೂರುಗಳ ಬುಟ್ಟಿಯಲ್ಲಿ ಮಲಗಿಸಿಕೊಂಡು ಹೊಲಿಯುತ್ತಿದ್ದ ಕಾಲದಲ್ಲಿ, “ಕೊಡೆ ಕಡ್ಡಿಗಿಂತ ಸಣ್ಣಗಿದೆಯಲ್ಲೇ ಇದು, ಯಾರಾದ್ರೂ ತಪ್ಪಿ ಬಟ್ಟೆಗೆ ಹೊಲಿದುಬಿಟ್ಟಾರು” ಎಂದು ಸೂಜಿಬಾಯಿ ಹೇಳಿದ್ದಳಂತೆ. ಬೆಳೆದು, ಓದಿ, ಅದೇ ಕಾರ್ಖಾನೆಯ ಕಚೇರಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದರೂ ಹೆಸರು ಬಿಡಲಿಲ್ಲ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು, ಅದನ್ನು ಕೂಗಿದರೆ ಅವಳೇ ಹಿಂದೆ ತಿರುಗಿ ಯಾರೆಂದು ನೋಡುತ್ತಿದ್ದಳು.

ಅಮ್ಮನನ್ನು ಗೇಟಿನಲ್ಲಿ ತಡೆದ ದಿನ ಕಡ್ಡಿಯೂ ಬ್ಯಾಗು ಹೆಗಲಿಗೇರಿಸಿ ಹೊರಟಿದ್ದಳು. ಅಮ್ಮನೇ ತಳ್ಳಿ ಒಳಗೆ ಕಳಿಸಿದ್ದಳು. “ಮನೇಲಿ ಇಬ್ಬರೂ ಕೈಕಟ್ಟಿ ಕೂತ್ಕೊಳ್ಳೋದು ಬೇಡ. ಹೋಗು, ನಿನ್ನ ಕೆಲಸ ನೋಡು.”

ಹೆಂಗಸರು ಅಂದೇ ನೆಟ್ಟಗೆ ಕಾರ್ಮಿಕ ಕಚೇರಿಗೆ ನಡೆದು ದೂರು ಕೊಟ್ಟಿದ್ದರು. ಮುಂದಿನ ವಾರ ವಿಚಾರಣೆಗೆ ಕರೆ ಬಂತು. ವಿಚಾರಣೆ ಮುಗಿಸಿ ಅಮ್ಮ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಚಪ್ಪಲಿ ಬಿಡುವ ಮೊದಲೇ ನಗಲು ಶುರು ಮಾಡಿದಳು.

“ನಿಮ್ಮ ಇಸ್ತ್ರಿ ಸಾರ್‌ಗೆ ಇವತ್ತು ಇಸ್ತ್ರಿಯೆಲ್ಲ ಇಳಿದುಹೋಯ್ತು ಕಣೆ.”

ಇಸ್ತ್ರಿ ಸಾರ್ ಎಂದರೆ ಹೊಸ ಮಾಲೀಕರು ತಂದು ಕೂರಿಸಿದ ಮ್ಯಾನೇಜರು. ಅಂಗಿಯ ತೋಳಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಹಜಾರದಲ್ಲಿ ಮಾತು.

“ಏನಾಯ್ತಮ್ಮ?”

“ನಾವೆಲ್ಲ ಸಾಲಾಗಿ ಬೆಂಚಿನ ಮೇಲೆ ಕೂತಿದ್ವಾ, ಇವರು ಬಂದು ಆ ಅಧಿಕಾರಿಗೆ ಹೇಳ್ತಾರೆ, ‘ಈ ಹೆಂಗಸರು ನಮ್ಮ ಕಾರ್ಖಾನೆಯವರೇ ಅಲ್ಲ ಸಾರ್, ಯಾವನೋ ಗುತ್ತಿಗೆದಾರ ಆಗಾಗ ಕಳಿಸ್ತಿದ್ದ, ಬಂದು ಹೋಗೋರು. ನಮ್ಮ ಹೊಲಿಗೆಯವರು ಇವರು, ನೋಡಿ’ ಅಂತ ಫೋನ್ ತೆಗೆದು ನಮ್ಮ ಸೈಟ್ ತೋರಿಸಿದ್ರು. ಅಲ್ಲಿ ಯಾರ್ಯಾರೋ ಇದ್ದಾರೆ. ನನ್ನ ಜಾಗದಲ್ಲಿ ಒಬ್ಬಳು, ಕತ್ತೆಲ್ಲ ಮಿರಮಿರ ಮಿಂಚ್ತಾ ಇದೆ.”

“ನಮ್ಮ ಸೈಟಲ್ಲಾ?”

“ಕೇಳು ಮೊದಲು. ಆ ಅಧಿಕಾರಿ ಕನ್ನಡಕ ಸರಿಮಾಡ್ಕೊಂಡು, ‘ಇರಿ, ದೂರು ಬಂದ ದಿನವೇ ನಾನು ಈ ಪುಟ ನೋಡಿದ್ದೆನಲ್ಲ’ ಅಂತ ತಮ್ಮ ಕಂಪ್ಯೂಟರ್ ತೆಗೆದು, ಪರದೆನ ನಮ್ಮ ಕಡೆ ತಿರುಗಿಸಿದ್ರು. ನೋಡಿದ್ರೆ ನಾವೇ. ಸೂಜಿಬಾಯಿ ಅಲ್ಲೂ ಕೂತಿದ್ದಾಳೆ, ಇಲ್ಲೂ ಕೂತಿದ್ದಾಳೆ. ಇವರ ಫೋನಲ್ಲಿ ಬೇರೆಯವರು, ಅವರ ಪರದೆ ಮೇಲೆ ನಾವು. ಇವರು ಅವರ ಮುಖ ನೋಡ್ತಾರೆ, ಅವರು ಇವರ ಮುಖ ನೋಡ್ತಾರೆ. ‘ಯಾರ ಪುಟ ಸುಳ್ಳು ಹೇಳ್ತಿದೆ ಮ್ಯಾನೇಜರೇ?’ ಅಂದ್ರು. ಸೂಜಿಬಾಯಿ ಬಾಯಿ ಬಿಡಬೇಕಾ ಆಗಲೇ? ‘ನನ್ನ ತಲೆ ಮುಟ್ಟಿ ನೋಡಿ ಸಾರ್, ಯಾರದು ನರೆತಿದೆ ಅಂತ ಗೊತ್ತಾಗುತ್ತೆ’ ಅಂದ್ಲು.”

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಗುವಿನ ನೀರೋ ಬೇರೆಯದೋ, ಕಡ್ಡಿ ಕೇಳಲಿಲ್ಲ.

“ನಾಳೆ ಮಧ್ಯಾಹ್ನ ಊಟದ ನಂತರ ಮತ್ತೆ ಬರೋಕೆ ಹೇಳಿದ್ದಾರೆ. ನಾಳೆನೂ ತಮ್ಮ ಕಂಪ್ಯೂಟರಲ್ಲಿ ತೆಗೆದು ನೋಡ್ತಾರಂತೆ. ಅದರಲ್ಲಿ ಏನಿದೆಯೋ ಹಾಗೇ ಬರೆದುಕೊಳ್ತಾರಂತೆ.”

ಕಡ್ಡಿ ತನ್ನ ಫೋನ್ ತೆಗೆದು ನೋಡಿದಳು. ಅಮ್ಮನೇ ಇದ್ದಳು. ಅಮ್ಮನ ಫೋನಿನಲ್ಲೂ ಅಮ್ಮನೇ. ಆಮೇಲೆ, ಹಿಂದೆ ನೋಡಿದ್ದನ್ನೆಲ್ಲ ಮರೆತು ಪುಟವನ್ನು ಹೊಸದಾಗಿ ತರುವ ಖಾಸಗಿ ಕಿಟಕಿಯೊಂದನ್ನು ತೆರೆದಳು. ಅಮ್ಮನ ಜಾಗದಲ್ಲಿ ಮಿರಮಿರ ಮಿಂಚುವ ಕತ್ತು ಬಂದು ಕೂತಿತು.

ಆಗ ಎಲ್ಲ ಅರ್ಥವಾಯಿತು. ಅರ್ಥವಾದದ್ದೇ ತಡ, ಆ ಸೈಟು ಕಟ್ಟಿದ ವರ್ಷದ ನೆನಪು ಅವಳ ಮೇಲೆ ಬಂದು ಬಿತ್ತು.

ಆಗ ಕಾರ್ಖಾನೆ ದೊಡ್ಡ ಯಜಮಾನರದ್ದು. ದೇವರಂಥ ಮನುಷ್ಯ ಎಂದೇನೂ ಹೇಳುವಂತಿಲ್ಲ. ದಾರದ ಉಂಡೆಯನ್ನೂ ತೂಗಿ ಕೊಡುವ ಆಸಾಮಿ. ಆದರೆ ಹಜಾರಕ್ಕೆ ಬಂದರೆ ಯಾರ ಹೊಲಿಗೆ ಯಾವುದೆಂದು ಕೊಡೆ ಬಿಚ್ಚಿ ನೋಡಿಯೇ ಹೇಳುತ್ತಿದ್ದರು. “ಎಲ್ಲರೂ ಅದೇನೋ ಸೈಟು ಮಾಡಿಸ್ತಿದ್ದಾರೆ, ನಮಗೂ ಒಂದು ಮಾಡು” ಎಂದು ಕಡ್ಡಿಗೆ ಹೇಳಿದರು. ಅದರಲ್ಲಿ ಏನು ಹಾಕುವುದೆಂದು ಕೇಳಿದಾಗ ಬಹಳ ಯೋಚನೆ ಮಾಡಿ, “ಕೊಡೆ ಹಾಕು. ಮತ್ತೆ ಹೊಲಿಯೋರನ್ನ ಹಾಕು. ನನ್ನದು ಬೇಡ, ನನ್ನ ಮುಖ ನೋಡಿದ್ರೆ ಕೊಳ್ಳೋನೂ ಕೊಳ್ಳಲ್ಲ” ಎಂದರು.

ಫೋಟೊ ತೆಗೆದ ದಿನ ಹಜಾರದಲ್ಲಿ ಕೆಲಸವೇ ಸಾಗಲಿಲ್ಲ. ಎತ್ತರದ ಕಿಟಕಿಗಳು, ಕಿಟಕಿಯಿಂದ ಕಿಟಕಿಗೆ ಹಾರಾಡುವ ನೂಲಿನ ಧೂಳು, ಯಂತ್ರದೆಣ್ಣೆಯ ವಾಸನೆ, ಹಗ್ಗದ ಮೇಲೆ ಒಣಗಲು ಹಾಕಿದ ಬಾವಲಿಗಳಂತೆ ತೂಗುವ ಕಪ್ಪು ಕೊಡೆಗಳು. ಮುಖದ ಮೇಲೆ ಬೆಳಕು ಮೆತ್ತಗೆ ಬೀಳಲು ಫೋಟೊದವರು ಬಿಳಿ ಕೊಡೆ ಹಿಡಿಯುತ್ತಾರೆ ಎಂದು ಕಡ್ಡಿ ಹೇಳಿದ್ದೇ ತಡ, ಹೆಂಗಸರು ಯಂತ್ರಗಳ ಮೇಲೆ ಬಿದ್ದು ನಕ್ಕರು. “ಅಯ್ಯೋ, ನಮ್ಮ ಕಸುಬಿಗೆ ಇಷ್ಟೊಂದು ಮರ್ಯಾದೆ ಇದೆಯಾ” ಎಂದು ಉದ್ದಕ್ಕ ಒಂದು ಬಿಳಿ ಕೊಡೆಯನ್ನು ಆಗಲೇ ಹೊಲಿದು ಮುಗಿಸಿ, ತಾನೇ ಎತ್ತಿ ಹಿಡಿದು ನಿಂತಳು. ಅವಳಷ್ಟು ಎತ್ತರಕ್ಕೆ ಹಿಡಿಯುವವರು ಬೇರೆ ಯಾರಿದ್ದರು?

ಸೂಜಿಬಾಯಿಗೆ ತುಟಿಯಲ್ಲಿನ ಗುಂಡುಸೂಜಿಗಳನ್ನು ತೆಗೆಯಲು ಹೇಳಿದರೆ, “ತೆಗೆದ್ರೆ ನನ್ನ ಗಂಡನಿಗೂ ಗುರುತು ಸಿಗಲ್ಲ” ಎಂದಳು. ಅಮ್ಮ ಮಾತ್ರ ಕ್ಯಾಮೆರಾ ಎತ್ತಿದಾಗಲೆಲ್ಲ ಮರದ ಗೊಂಬೆಯಂತೆ ಬಿಗಿದುಕೊಳ್ಳುತ್ತಿದ್ದಳು. ಕೊನೆಗೆ ಕಡ್ಡಿ, “ಅಮ್ಮ, ನಿನ್ನ ರವಿಕೆ ತಿರುಗುಮುರುಗಾಗಿದೆ” ಎಂದು ಸುಳ್ಳು ಹೇಳಿ, ಅಮ್ಮ ತಲೆ ಬಗ್ಗಿಸಿ ನೋಡಿಕೊಂಡು, ಮಗಳ ಮೋಸ ತಿಳಿದು ಮೇಲೆ ನೋಡಿದ ಆ ಗಳಿಗೆಯನ್ನು ಹಿಡಿದಳು. ಬೈಯಲು ಹೊರಟ ಬಾಯಿ ನಗುವಿಗೆ ತಿರುಗುವ ಗಳಿಗೆ ಅದು. ಎಲ್ಲರ ಮೇಲೂ ಕೊಡೆ ಹಿಡಿದ ಉದ್ದಕ್ಕನ ಸರದಿ ಬಂದಾಗ ಬೆಳಕು ಇಳಿದುಹೋಗಿತ್ತು; ಕಡ್ಡಿ ಕ್ಯಾಮೆರಾದಲ್ಲಿ ಏನೇನೋ ತಿರುಗಿಸಿ ತೆಗೆದ ಆ ಫೋಟೊದ ಕಡತ ಉಳಿದವಕ್ಕಿಂತ ಬಹಳ ಭಾರದ್ದಾಯಿತು, ತೆರೆಯಲು ಹೆಚ್ಚು ಹೊತ್ತು ಹಿಡಿಯುವಂಥದ್ದು.

ಪುಟ ಸಿದ್ಧವಾದ ದಿನ ಯಜಮಾನರ ಕೋಣೆಗೆ ಹಜಾರವೇ ನುಗ್ಗಿತು. ತಲೆಯಲ್ಲೆಲ್ಲ ನೂಲಿನ ಎಳೆ, ಬೆರಳಿಗೆ ಹೊಲಿಗೆಯ ಟೋಪಿ. ಪರದೆಯ ಮೇಲೆ ತಮ್ಮ ಮುಖಗಳನ್ನು ನೋಡಿ ಒಬ್ಬರನ್ನೊಬ್ಬರು ತಿವಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಣ್ಣವನ್ನು ಇನ್ನಷ್ಟು ಗಾಢ ಮಾಡಿ ತೋರಿಸುತ್ತೇನೆಂದು ಕಡ್ಡಿ ರೀಲೋಡ್ ಒತ್ತಿದಳು. ಪುಟ ಬೆಳ್ಳಗಾಯಿತು. ಮುಖಗಳೆಲ್ಲ ಮಾಯ. ಆಮೇಲೆ ಒಂದೊಂದಾಗಿ, ಮೇಲೆ ಕೆಳಗೆ ಕುಪ್ಪಳಿಸುತ್ತ ಬಂದವು. ಕೆಳಗಿನ ಮಾತುಗಳು ಒಬ್ಬರ ಬುಡದಿಂದ ಇನ್ನೊಬ್ಬರ ಬುಡಕ್ಕೆ ಜಿಗಿದವು. ಕೊನೆಗೆ, ಎಲ್ಲರೂ ಬಂದು ಕೂತ ಮೇಲೆ, ಉದ್ದಕ್ಕ.

“ಬೆಳಿಗ್ಗೆ ಗೇಟಿಗೂ ಇವಳು ಹೀಗೇ ಬರೋದು” ಎಂದು ಯಾರೋ ಅಂದರು. ನಗು.

ಮತ್ತೆ ಒತ್ತಿದಾಗ ಮತ್ತೆ ಅದೇ. ಹೆಂಗಸರು ಅದಕ್ಕೆ ‘ರೆಪ್ಪೆ ಹೊಡೆಯೋದು’ ಎಂದು ಹೆಸರಿಟ್ಟರು. ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಅಮ್ಮ ಹಿಂದಿನಿಂದ ಮೆಲ್ಲಗೆ ಹೇಳಿದಳು: “ಪ್ರತಿ ಸಲ ಹೊರಗೆ ಕಳಿಸಿ, ಯಾರು ನೀನು ಅಂತ ಕೇಳಿ ಮತ್ತೆ ಒಳಗೆ ಬಿಟ್ಟ ಹಾಗಿದೆ.”

ಆ ಮಾತು ಕಡ್ಡಿಯ ಒಳಗೆ ನಾಟಿತು. ಮುಂದಿನ ವಾರವೆಲ್ಲ ಅದರ ಬೆನ್ನು ಹತ್ತಿದಳು. ವಿಷಯ ಅಮ್ಮ ಹೇಳಿದಂತೆಯೇ ಇತ್ತು. ಪುಟ ತೋರಿಸುವ ಬ್ರೌಸರಿನ ಹತ್ತಿರ ಫೋಟೊದ ಒಂದು ಪ್ರತಿ ಇರುತ್ತದೆ. ಆದರೂ ರೀಲೋಡ್ ಒತ್ತಿದಾಗಲೆಲ್ಲ ಅದು ಸೈಟನ್ನು ಇಟ್ಟುಕೊಂಡಿರುವ ಸರ್ವರಿನ ಬಳಿ ಓಡಿಹೋಗಿ, “ಈ ಮುಖ ಹಳೆಯದೇ ತಾನೇ? ಬದಲಾಗಿಲ್ಲ ತಾನೇ?” ಎಂದು ಕೇಳುತ್ತದೆ. ಉತ್ತರ ಬರುವವರೆಗೆ ಜಾಗ ಖಾಲಿ. ಆಗಿನ ಸಂಪರ್ಕದ ವೇಗದಲ್ಲಿ ಆ ಪ್ರಶ್ನೋತ್ತರ ಮುಗಿಯುವಷ್ಟರಲ್ಲಿ ಒಂದು ಗುಂಡಿ ಹೊಲಿದು ದಾರ ಕಡಿಯಬಹುದಿತ್ತು.

ಇದನ್ನು ಊಟದ ಹೊತ್ತಿನಲ್ಲಿ ಹೆಂಗಸರಿಗೆ ಹೇಳಿದಾಗ ಸೂಜಿಬಾಯಿ, “ಹಾಗಾದ್ರೆ ನಿನ್ನ ಬ್ರೌಸರಿಗೆ ಮಡಿಲಿಲ್ಲ ಅನ್ನು” ಎಂದಳು.

ಮಡಿಲು ಎಂದರೆ ಹಜಾರದ ಗುಟ್ಟು. ದಾರ, ಗುಂಡಿ, ಕೊಕ್ಕೆ ಬೇಕಾದಾಗಲೆಲ್ಲ ಉಗ್ರಾಣದ ಕಿಂಡಿಗೆ ಹೋಗಿ, ಕೇಳಿ, ಕಾದು ತರಬೇಕೆಂಬುದು ಯಜಮಾನರ ಕಟ್ಟಪ್ಪಣೆ. ಹಾಗೆ ಮಾಡಿದರೆ ದಿನವೆಲ್ಲ ನಡೆಯುವುದೇ ಕೆಲಸ. ಅದಕ್ಕೆ ಹೆಂಗಸರು ಸೀರೆಯ ಮಡಿಲಿಗೆ ಒಳಗಿನಿಂದ ಒಂದೊಂದು ಚೀಲ ಹೊಲಿದುಕೊಂಡು, ಬೇಕಾದ್ದನ್ನು ಅಲ್ಲೇ ಇಟ್ಟುಕೊಳ್ಳುತ್ತಿದ್ದರು. ಯಜಮಾನರು ಕಂಡೂ ಕಾಣದಂತಿರುತ್ತಿದ್ದರು.

ಕಡ್ಡಿ ಸರ್ವರಿಗೆ ಹೊಸ ನಿಯಮ ಬರೆದಳು, ಅದು ಬ್ರೌಸರಿಗೆ ಹೇಳಬೇಕಾದ್ದು ಇಷ್ಟು: ಈ ಮುಖಗಳನ್ನು ಒಮ್ಮೆ ಕೊಟ್ಟರೆ ಮುಗಿಯಿತು, ಒಂದು ವರ್ಷದವರೆಗೆ ನಿನ್ನ ಮಡಿಲಲ್ಲೇ ಇಟ್ಟುಕೋ, ರೀಲೋಡ್ ಮಾಡಿದರೂ ಬದಲಾಗಿವೆಯಾ ಎಂದು ನನ್ನ ಹತ್ತಿರ ಕೇಳಲು ಬರಬೇಡ. ಪ್ರತಿ ಫೋಟೊಗೂ ಅಗಲ ಎತ್ತರ ಮೊದಲೇ ಹೇಳಿಟ್ಟಳು. ಜನ ಬರುವ ಮೊದಲೇ ಕುರ್ಚಿ ಹಾಕಿಟ್ಟಂತೆ, ಯಾರೂ ಯಾರನ್ನೂ ತಳ್ಳದಿರಲಿ ಎಂದು. ಫೋಟೊಗಳನ್ನೆಲ್ಲ ಒಂದು ಕಡೆ ಇಟ್ಟು ಆ ಕಡತದ ಚೀಲಕ್ಕೆ ‘ಮಡಿಲು’ ಎಂದೇ ಹೆಸರು ಕೊಟ್ಟಳು.

ಮತ್ತೆ ಹಜಾರವೇ ನುಗ್ಗಿತು. ಕಡ್ಡಿ ರೀಲೋಡ್ ಒತ್ತಿದಳು. ಯಾರೂ ಅಲುಗಲಿಲ್ಲ.

“ಒತ್ತಿದೆಯಾ?” ಎಂದಳು ಸೂಜಿಬಾಯಿ.

“ಒತ್ತಿದೆ.”

“ನಂಬಲ್ಲ. ಇನ್ನೊಂದು ಸಲ ಒತ್ತು.”

ಒತ್ತಿದಳು. ರೆಪ್ಪೆ ಹೊಡೆಯಲಿಲ್ಲ. ಒಬ್ಬೊಬ್ಬರೂ ಬಂದು ತಮ್ಮ ಬೆರಳಿನಿಂದಲೇ ಒತ್ತಿ ನೋಡಿದರು. ಉದ್ದಕ್ಕ ಎರಡು ಸಲ ಒತ್ತಿ, “ಅಂತೂ ಎಲ್ಲರ ಜೊತೆಗೇ ಬಂದೆ” ಎಂದಳು. ಅಮ್ಮ ಒತ್ತಲಿಲ್ಲ. ಪರದೆಯ ಹತ್ತಿರ ಬಗ್ಗಿ, ತನ್ನ ಮುಖದ ಮೇಲೆ ಕೂತಿದ್ದ ಧೂಳನ್ನು ಸೆರಗಿನಿಂದ ಒರೆಸಿ ಹೊರಟುಹೋದಳು.

ಫೋಟೊ ಬದಲಾಯಿಸಬೇಕಾದರೆ ಅದರ ಕಡತದ ಹೆಸರನ್ನೂ ಬದಲಾಯಿಸಬೇಕು, ಹಳೆಯ ಹೆಸರಿಗೆ ಹೊಸ ಮುಖ ಕೊಟ್ಟರೆ ಬ್ರೌಸರು ಮಡಿಲಲ್ಲಿದ್ದ ಹಳೆಯದನ್ನೇ ತೋರಿಸುತ್ತದೆ ಎಂದು ಕಡ್ಡಿಗೆ ಆಗಲೇ ಗೊತ್ತಿತ್ತು. ಈಗ ಯಾರೋ ಅದನ್ನೇ ಮಾಡಿದ್ದರು. ಸೂಜಿಬಾಯಿ ಎಂಬ ಹೆಸರಿನ ಕಡತಕ್ಕೆ ಯಾವಳೋ ಹುಡುಗಿಯನ್ನು ತುರುಕಿದ್ದರು. ಹೊಸದಾಗಿ ಬಂದು ನೋಡುವವರಿಗೆ ಆ ಹುಡುಗಿ. ಕಳೆದ ಒಂದು ವರ್ಷದಲ್ಲಿ ಒಮ್ಮೆಯಾದರೂ ಈ ಹೆಂಗಸರನ್ನು ನೋಡಿದ್ದವರಿಗೆ ಈ ಹೆಂಗಸರೇ.

“ಹಾಗಾದ್ರೆ ಆ ಅಧಿಕಾರಿಯ ಕಂಪ್ಯೂಟರಲ್ಲಿ ನಾವು ಇರ್ತೀವಲ್ಲ ನಾಳೆ?” ಎಂದು, ಕಡ್ಡಿ ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ, ಅಮ್ಮ ಕೇಳಿದಳು.

“ಇರ್ತೀರ. ಅಲ್ಲಿ ಹೆಸರು ಬದಲಾಯಿಸೋವರೆಗೂ.”

“ಬದಲಾಯಿಸೋದು ಯಾರು?”

“ನಾನು.”

ಅಮ್ಮ ಎದ್ದು ಹೋಗಿ ಲೋಟ ತೊಳೆದಳು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. “ಅವರು ಹೇಳಿದ್ರೆ ಮಾಡಿಬಿಡು” ಎಂದಳು, ಬೆನ್ನು ತಿರುಗಿಸಿಯೇ. “ನಮ್ಮದು ಹೇಗೋ ಆಗುತ್ತೆ. ನೀನು ಕೆಲಸ ಕಳ್ಕೋಬೇಡ.”

ಕಡ್ಡಿ ಆ ಲೋಟವನ್ನು ಅಮ್ಮನ ಕೈಯಿಂದ ತೆಗೆದು ಬೋರಲು ಹಾಕಿದಳು.

ಮರುದಿನ ಇಸ್ತ್ರಿ ಸಾರ್ ತಾವೇ ಅವಳ ಕೋಣೆಗೆ ಬಂದರು. ಮೊದಲಾದರೆ ಕರೆ ಕಳಿಸುತ್ತಿದ್ದರು. ಅಂಗಿಯಲ್ಲಿ ಎಂದಿನ ಗೆರೆ, ಮುಖದಲ್ಲಿ ನಿನ್ನೆಯ ಸುಕ್ಕು.

“ಕಡ್ಡಿಯವರೇ, ಸೈಟಲ್ಲಿ ಏನೋ ದೋಷ ಇದೆ. ಕೆಲವು ಕಡೆ ಹಳೇ ಫೋಟೊ ಬರ್ತಿದೆ.”

“ದೋಷ ಇಲ್ಲ ಸಾರ್. ಹಳೇ ಹೆಸರಿನ ಮೇಲೇ ಹೊಸ ಫೋಟೊ ಹಾಕಿದ್ದಾರೆ. ಯಾರು ಹಾಕಿದ್ದು?”

“ಮಾರಾಟ ವಿಭಾಗದವರು. ನೀವು ಊಟಕ್ಕೆ ಹೋಗಿದ್ರಿ.” ಅವರು ಕುರ್ಚಿ ಎಳೆದು ಕೂತರು. “ಎಲ್ಲ ಕಡೆನೂ ಹೊಸದೇ ಬರೋ ಹಾಗೆ ಮಾಡೋದು ಎಷ್ಟು ಹೊತ್ತಿನ ಕೆಲಸ?”

“ಒಂದು ಟೀ ಕುಡಿಯೋಷ್ಟು.”

“ಹಾಗಾದ್ರೆ ಟೀ ತರಿಸ್ತೀನಿ. ಕುಡೀತಾ ಮಾಡಿ. ಮಧ್ಯಾಹ್ನದೊಳಗೆ ಆಗಬೇಕು.”

ಕಡ್ಡಿ ಪರದೆಯನ್ನು ಅವರ ಕಡೆ ತಿರುಗಿಸಿದಳು. ಅವಳ ಯಂತ್ರದ ಮಡಿಲಲ್ಲಿದ್ದ ಹೆಂಗಸರು ಅವರನ್ನು ನೋಡಿದರು. “ಇವರು ಗುತ್ತಿಗೆಯವರು ಅಂತ ಹೇಳಿದ್ರಂತೆ ಸಾರ್.”

“ಅದು ಕಾನೂನಿನ ವಿಷಯ. ನಿಮಗೆ ಅರ್ಥ ಆಗಲ್ಲ.”

“ಈ ಮೊದಲನೆಯವರು ನಮ್ಮಮ್ಮ.”

“ಗೊತ್ತು” ಎಂದರು ಇಸ್ತ್ರಿ ಸಾರ್. “ಗೊತ್ತಿದ್ದೇ ನಾನು ಇಷ್ಟು ಸಮಾಧಾನವಾಗಿ ಕೇಳ್ತಿರೋದು. ಬೇರೆಯವರಾಗಿದ್ರೆ ಸೋಮವಾರವೇ ನಿಮ್ಮನ್ನೂ ಗೇಟಲ್ಲಿ ನಿಲ್ಲಿಸ್ತಿದ್ರು. ಫೋಟೊ ತೆಗೆದ ತಕ್ಷಣ ನಿಮ್ಮಮ್ಮ ನಿಮ್ಮಮ್ಮ ಆಗದೆ ಹೋಗ್ತಾರಾ? ಫೈಲಿನ ಹೆಸರು ಬದಲಾಯಿಸೋದು ಅಷ್ಟೇ. ಕಡ್ಡಿಯನ್ನ ಗುಡ್ಡ ಮಾಡಬೇಡಿ.” ತಮ್ಮ ಮಾತಿನ ಚಮತ್ಕಾರಕ್ಕೆ ತಾವೇ ಸ್ವಲ್ಪ ನಕ್ಕರು.

ಟೀ ಬಂತು. ಇಬ್ಬರೂ ಮುಟ್ಟಲಿಲ್ಲ. ಗೋಡೆಯಾಚೆ ಹಜಾರದಲ್ಲಿ ಮೊದಲಾದರೆ ಈ ಹೊತ್ತಿಗೆ ಯಂತ್ರಗಳ ಗಲಾಟೆಯಲ್ಲಿ ಕೂಗಿ ಮಾತಾಡಬೇಕಾಗುತ್ತಿತ್ತು. ಈಗ ಚೀಟಿ ಅಂಟಿಸುವವರ ಪಟ್‌ಪಟ್ ಸದ್ದು ಮಾತ್ರ ಕೇಳುತ್ತಿತ್ತು. ಕಡ್ಡಿ ಅದನ್ನು ಕೇಳುತ್ತ ಕೂತಳು. ಹೆಸರು ಬದಲಾಯಿಸುವುದು ನಿಜಕ್ಕೂ ಸಣ್ಣ ಕೆಲಸ. ಕೊನೆಗೊಂದು ಅಂಕಿ ಸೇರಿಸಿದರೆ ಆಯಿತು. ಅಧಿಕಾರಿ ತಮ್ಮ ಕಂಪ್ಯೂಟರ್ ತೆರೆಯುತ್ತಾರೆ, ಅದು ಹೊಸ ಹೆಸರು ಕಂಡು ಹೊಸ ಮುಖ ಕೇಳುತ್ತದೆ, ಆ ಹುಡುಗಿಯರು ಬಂದು ಕೂರುತ್ತಾರೆ. ಬೆಂಚಿನ ಮೇಲಿರುವ ಹೆಂಗಸರು ಯಾರೂ ಅಲ್ಲದವರಾಗುತ್ತಾರೆ. ಅಷ್ಟೂ ವರ್ಷದ ಹೊಲಿಗೆ ಯಾರದೂ ಅಲ್ಲದ ಹೊಲಿಗೆಯಾಗುತ್ತದೆ. ಎಲ್ಲಕ್ಕೂ ಒಂದು ಅಂಕಿ.

“ಯೋಚನೆ ಸಾಕು, ಶುರು ಮಾಡಿ” ಎಂದರು ಮ್ಯಾನೇಜರು.

“ನಾನು ಮಾಡಲ್ಲ ಸಾರ್.”

“ಏನಂದ್ರಿ?”

“ಈ ಕೆಲಸ ನಾನು ಮಾಡಲ್ಲ.”

ಇಸ್ತ್ರಿ ಸಾರ್ ಗಡಿಯಾರ ನೋಡಿಕೊಂಡರು. ಸೈಟಿನ ಒಳಗೆ ಕೈಹಾಕಲು ಆ ಕೋಣೆಯ ಆ ಒಂದು ಯಂತ್ರಕ್ಕೆ ಮಾತ್ರ ದಾರಿಯಿತ್ತು. ಯಾರನ್ನೂ ನಂಬದ ದೊಡ್ಡ ಯಜಮಾನರು ಮಾಡಿಸಿಟ್ಟು ಹೋದ ವ್ಯವಸ್ಥೆ ಅದು. ಅವರು ಬಾಗಿಲಿನತ್ತ ತಿರುಗಿ ಮಾರಾಟ ವಿಭಾಗದವನನ್ನು ಕೂಗಿದರು. ಅವನು ಬಂದು ಹೊಸ್ತಿಲಲ್ಲಿ ನಿಂತ. ಕಡ್ಡಿಯ ಕಣ್ಣು ತಪ್ಪಿಸಿ ಟೀ ಲೋಟಗಳನ್ನು ನೋಡಿದ.

“ನಿನ್ನ ಕೆಲಸ ಇವತ್ತಿಗೆ ಮುಗೀತು” ಎಂದರು ಮ್ಯಾನೇಜರು. ಬಹುವಚನ ಎಲ್ಲೋ ಉದುರಿಹೋಗಿತ್ತು. “ಏಳು. ಇವನು ಮಾಡ್ತಾನೆ.”

ಕಾರ್ಮಿಕ ಕಚೇರಿಗೆ ಹೊರಡಲು ಅಮ್ಮ ಈಗ ತಲೆ ಬಾಚಿಕೊಳ್ಳುತ್ತಿರಬಹುದು. ಕಡ್ಡಿ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಎರಡೂ ಮೊಣಕೈಗಳನ್ನು ಕೀಲಿಮಣೆಯ ಮೇಲಿಟ್ಟಳು.

“ಏಳಲ್ಲ ಸಾರ್” ಎಂದಳು.